ಬ್ರಿಟಾ ಕೋವಿ ಒಪ್ಪಿಸಿದ ವರ್ಷ

ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿಯಿದೆ. ಕಳೆದ ವಾರ ಮಗಳ ಸೈಕಲ್ ತಳ್ಳಿಕೊಂಡು ಅಲ್ಲಿಗೆ ಹೋಗಿದ್ದೆ. ಅಂಗಡಿಯವನು ಹಳೆಯ ಬಟ್ಟೆಯ ತುಂಡಿಗೆ ಒಂದು ಡಬ್ಬಿಯಿಂದ ಎಣ್ಣೆ ಸುರಿದುಕೊಂಡು ತುಕ್ಕು ಹಿಡಿದ ಚೈನನ್ನು ಉಜ್ಜತೊಡಗಿದ. ಸೋಂಪಿನ ಕಾಳನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟಂಥ ವಾಸನೆ ಅಂಗಡಿಯ ತುಂಬ ಹರಡಿತು. ಇದು ಕೋವಿಗೆ ಹಾಕುವ ಎಣ್ಣೆಯಲ್ಲವೇ ಎಂದು ಕೇಳಿದೆ. ಅವನು ತಲೆಯೆತ್ತಿ ನನ್ನನ್ನು ಇನ್ನೊಮ್ಮೆ ನೋಡಿದ. ಹೌದು, ತನ್ನ ತಂದೆ ಬೇಟೆಗಾರ, ಚೈನಿಗೂ ಇದೇ ಒಳ್ಳೆಯದೆಂದು ಹೇಳಿಕೊಟ್ಟವರು ಅವರೇ ಎಂದ. ನಿಮಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಇಲ್ಲಿಯವರು ಅಷ್ಟು ಸುಲಭವಾಗಿ ಏನನ್ನೂ ಕೇಳುವುದಿಲ್ಲ. ಕೇಳಿದ್ದರೆ ಬ್ರಿಟಾ ಅವರ ವಿಷಯ ಹೇಳಬೇಕಾಗುತ್ತಿತ್ತು. ಮನೆಗೆ ಬಂದಮೇಲೂ ಬೆರಳಿನಿಂದ ಆ ವಾಸನೆ ಹೋಗಲಿಲ್ಲ. ಮೊದಲು ನಾವಿದ್ದ ಊರು ಸ್ಯಾಂಡ್‌ವಿಕೆನ್‌ನಲ್ಲಿ ಕಳೆದ ಒಂದು ವರ್ಷ ಪೂರ್ತಿ ನೆನಪಿಗೆ ಎದ್ದು ಬಂದಿತು.

ಆಗ ನಾನು ಅಲ್ಲಿಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಲೋಹ ಪರೀಕ್ಷೆಯ ಎಂಜಿನಿಯರ್. ಗಂಡ ಮಧು ಬೆಂಗಳೂರಿನವನು, ಬಸವನಗುಡಿಯಲ್ಲಿ ಬೆಳೆದವನು. ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತ, ಅಗತ್ಯ ಬಿದ್ದಾಗ ರೈಲು ಹಿಡಿದು ಸ್ಟಾಕ್‌ಹೋಮ್‌ಗೆ ಹೋಗಿ ಬರುತ್ತಿದ್ದ. ಮಗಳು ಇಶಾ ಡಾಗಿಸ್‌ಗೆ, ಅಂದರೆ ಅಲ್ಲಿಯ ಶಿಶುವಿಹಾರಕ್ಕೆ, ಹೋಗುತ್ತಿದ್ದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಮಗಳ ಮಾತು ನನಗೇ ಅರ್ಥವಾಗದ ದಿನ ಬಂದೀತೆಂಬ ಹೆದರಿಕೆಯಿಂದ ನಾನು ಲೈಬ್ರರಿಯಲ್ಲಿ ನಡೆಯುತ್ತಿದ್ದ ಭಾಷಾ ಕೂಟಕ್ಕೆ ಹೋಗಲು ಶುರುಮಾಡಿದೆ. ಹೊರದೇಶದಿಂದ ಬಂದವರು ನಾಲ್ಕಾರು ಜನ ಒಂದು ಮೇಜಿನ ಸುತ್ತ ಕೂರುವುದು, ಊರಿನ ಹಿರಿಯರೊಬ್ಬರು ಕಾಫಿ ಬಗ್ಗಿಸಿಕೊಟ್ಟು ನಮ್ಮಿಂದ ಸ್ವೀಡಿಷ್ ಮಾತಾಡಿಸುವುದು, ಅಷ್ಟೇ.

ನಮ್ಮ ಮೇಜಿನ ಹಿರಿಯರೆಂದರೆ ಬ್ರಿಟಾ. ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಎತ್ತರದ ಮೈಕಟ್ಟು, ಗಂಡಸರಂತೆ ಗಿಡ್ಡಕ್ಕೆ ಕತ್ತರಿಸಿದ ಬೆಳ್ಳಿ ಕೂದಲು. ನಾವು ತಪ್ಪು ಮಾತಾಡಿದರೆ ತಿದ್ದುತ್ತಿರಲಿಲ್ಲ, ಅದೇ ವಾಕ್ಯವನ್ನು ಸರಿಯಾಗಿ ತಾವೇ ಇನ್ನೊಮ್ಮೆ ಹೇಳಿ ಮುಂದೆ ಹೋಗುತ್ತಿದ್ದರು. ಸ್ವೀಡಿಷ್‌ನಲ್ಲಿ ಪ್ರಧಾನಿಗೂ ಪಕ್ಕದ ಮನೆಯ ಮಗುವಿಗೂ ಇರುವುದು ಒಂದೇ ‘ನೀನು’. ಬಾಯಲ್ಲಿ ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆ. ಆದರೆ ನನ್ನ ತಲೆಯೊಳಗೆ ಅವರು ಕೊನೆಯವರೆಗೂ ‘ನೀವು’ ಆಗಿಯೇ ಉಳಿದರು.

ಒಂದು ಸಂಜೆ, ಚಿಕ್ಕಂದಿನ ಮನೆಯ ಗೋಡೆಯ ಮೇಲೆ ಏನೇನು ತೂಗುಹಾಕಿತ್ತು ಎಂದು ಎಲ್ಲರೂ ಹೇಳಬೇಕಿತ್ತು. ನನ್ನ ಸರದಿ ಬಂದಾಗ ಕೋವಿ ಎಂದೆ. ಸಿರಿಯಾದಿಂದ ಬಂದಿದ್ದವರೊಬ್ಬರು ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ನಾನು ಗಾಬರಿಯಾಗಿ ವಿವರಿಸಲು ಹೊರಟೆ. ನಾವು ಕೊಡಗಿನವರು, ನಮ್ಮ ಜನಕ್ಕೆ ಕೋವಿ ಇಟ್ಟುಕೊಳ್ಳಲು ಉಳಿದವರಿಗಿರುವ ಪರವಾನಗಿಯ ಕಟ್ಟುಪಾಡಿಲ್ಲ, ಬ್ರಿಟಿಷರ ಕಾಲದಿಂದ ಆ ವಿನಾಯಿತಿ ನಡೆದುಬಂದಿದೆ, ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತೇವೆ ಎಂದೆಲ್ಲ ಹರಕು ಸ್ವೀಡಿಷ್‌ನಲ್ಲಿ ಹೇಳಿದೆ. ಬೇಟೆ ನಮ್ಮಲ್ಲಿ ಎಂದೋ ನಿಂತುಹೋಗಿದೆ ಎಂದೂ ಸೇರಿಸಿದೆ. ಕಾಯಿಗೆ ನಿನ್ನ ಗುರಿ ತಗುಲಿತ್ತೇ ಎಂದು ಬ್ರಿಟಾ ಕೇಳಿದರು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಹೊಡೆದಿದ್ದೆ ಎಂದೆ. ಕೂಟ ಮುಗಿದು ಕೋಟು ಹಾಕಿಕೊಳ್ಳುವಾಗ ಅವರು ನನ್ನ ಪಕ್ಕಕ್ಕೆ ಬಂದು, ತಾನು ಮೂಸ್ ಬೇಟೆಯ ತಂಡದಲ್ಲಿ ಬಹಳ ವರ್ಷಗಳಿಂದ ಇದ್ದೇನೆ, ಮೊದಲು ಸೇರಿದಾಗ ಹೆಂಗಸೆಂದರೆ ತಾನೊಬ್ಬಳೇ, ನೀನು ಬೇಟೆಗಾರರ ಪರೀಕ್ಷೆಗೆ ಕಟ್ಟುವುದಾದರೆ ತಾನು ಪಾಠ ಹೇಳಿಕೊಡುತ್ತೇನೆ ಎಂದರು.

ಮೂಸ್ ಎಂದರೆ ಜಿಂಕೆಯ ಜಾತಿಯದೇ, ಆದರೆ ಕುದುರೆಗಿಂತ ಎತ್ತರದ ಪ್ರಾಣಿ. ಶರತ್ಕಾಲ ಬಂದರೆ ಆ ಊರಿನ ಅರ್ಧ ಜನ ಕಾರ್ಖಾನೆಗೆ ರಜೆ ಹಾಕಿ ಅದರ ಬೇಟೆಗೆ ಕಾಡು ಸೇರುತ್ತಾರೆ. ಆದರೆ ಕೋವಿ ಹಿಡಿಯುವ ಮೊದಲು ಪರೀಕ್ಷೆ ಪಾಸಾಗಬೇಕು. ಕಾಡುಪ್ರಾಣಿಗಳ ಪಾಠ, ಕಾನೂನಿನ ಪಾಠ, ಓಡುವ ಗುರಿಗೆ ಹೊಡೆಯುವ ಪರೀಕ್ಷೆ. ಆಮೇಲೆ ಪೊಲೀಸರ ಅನುಮತಿ ಬೇಕು, ಅದೂ ಒಂದೊಂದು ಕೋವಿಗೆ ಬೇರೆ ಬೇರೆ. ಅದನ್ನಿಡಲು ಗೋಡೆಗೆ ಬೋಲ್ಟ್ ಹೊಡೆದ ಉಕ್ಕಿನ ಬೀರು ಬೇಕು. ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ವಿರಾಜಪೇಟೆಯಲ್ಲಿ ಪ್ರತಿ ಚುನಾವಣೆಗೂ ಕೋವಿ ಠಾಣೆಗೆ ಒಪ್ಪಿಸಬೇಕೋ ಬೇಡವೋ ಎಂದು ಜಗಳವಾಡುವುದೇ ಅವರಿಗೆ ದೊಡ್ಡ ಕಿರಿಕಿರಿ. ಇಲ್ಲಿ ಬೀರುವಿಗೂ ಕಾನೂನು ಇದೆಯೆಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ.

ಮಧು ಮಾತ್ರ ನಗಲಿಲ್ಲ.

“ದೇಚು, ಪ್ಲೀಸ್. ಪೇಪರ್ ತೆಗೆದ್ರೆ ಬರೀ ಶೂಟಿಂಗ್ ನ್ಯೂಸು. ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ ಕಿರಣ್ ಮನೆ ಹತ್ರಾನೇ ಆಯ್ತು. ಅದ್ರ ಮಧ್ಯೆ ನಾವು ಮಗು ಇರೋ ಮನೇಲಿ ಗನ್ ತಂದಿಡಬೇಕಾ?”

ಕಿರಣ್ ಅವನ ಕಾಲೇಜಿನ ಗೆಳೆಯ. ಬೀದಿಯ ಗ್ಯಾಂಗುಗಳ ಕೈಗೆ ಹೋಗುವುದು ಕಳ್ಳದಾರಿಯಲ್ಲಿ ಬಂದ ಪಿಸ್ತೂಲು, ಬೇಟೆಗಾರರ ಬೀರುವಿನಲ್ಲಿರುವ ರೈಫಲ್ ಅಲ್ಲ ಎಂದೆ. ಮಧು ಒಪ್ಪಲಿಲ್ಲ. ಆದರೆ ಅವನ ಸ್ವಭಾವವೇ ಹಾಗೆ, ಬೇಡವೆಂದ ವಿಷಯವನ್ನೇ ಕೂತು ಓದುತ್ತಾನೆ. ಒಂದು ವಾರ ಶಸ್ತ್ರಾಸ್ತ್ರ ಕಾನೂನಿನ ಪುಟಗಳನ್ನೆಲ್ಲ ಓದಿದ. ಬೀರುವಿನ ಬೀಗದ ಕೈ ಅನುಮತಿ ಇರುವವರ ಬಳಿ ಮಾತ್ರ ಇರಬೇಕು, ಕಟ್ಟಿಕೊಂಡ ಗಂಡನಿಗೂ ಸಿಗುವಂತಿರಬಾರದು. ಕೋವಿ ಇಟ್ಟುಕೊಳ್ಳಲು ಯೋಗ್ಯನಲ್ಲವೆಂದು ಅನಿಸಿದ ರೋಗಿಯ ವಿಷಯವನ್ನು ಡಾಕ್ಟರು ತಾವೇ ಪೊಲೀಸರಿಗೆ ತಿಳಿಸಬೇಕು. ಈ ಎರಡು ಸಂಗತಿ ಅವನ ಮನಸ್ಸಿಗೆ ನಾಟಿದವು.

“ಸರಿ ಕಣೆ, ಇಷ್ಟು ರೂಲ್ಸ್ ಇರೋ ಕಡೆ ಆದ್ರೆ ಇಟ್ಕೋ. ಕೀ ಎಲ್ಲಿದೆ ಅಂತ ನಂಗೂ ಹೇಳ್ಬೇಡ,” ಎಂದ.

ಆ ಚಳಿಗಾಲ ಪೂರ್ತಿ ನಾನು ಶನಿವಾರ ಬೆಳಗ್ಗೆ ಬ್ರಿಟಾ ಅವರ ಮನೆಯ ಅಡುಗೆಮನೆಯಲ್ಲಿ ಕೂತು ಓದಿದೆ. ಹೊರಗೆ ಬೇಲಿಯ ಕಂಬಗಳು ಹಿಮದಲ್ಲಿ ಮುಚ್ಚಿಹೋಗಿರುತ್ತಿದ್ದವು. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಬ್ರಿಟಾ ಮೇಜಿನ ಮೇಲೆ ಒಣಗಿದ ಹಿಕ್ಕೆಗಳನ್ನು ಸಾಲಾಗಿ ಇಟ್ಟು, ಇದು ಯಾವ ಪ್ರಾಣಿಯದು, ಇದು ಯಾವ ಕಾಲದ್ದು ಎಂದು ಕೇಳುತ್ತಿದ್ದರು. ಮೊದಮೊದಲು ನಾನು ತಿಂಡಿಯ ತಟ್ಟೆಯನ್ನು ಅದರಿಂದ ದೂರ ಸರಿಸುತ್ತಿದ್ದೆ, ಆಮೇಲೆ ರೂಢಿಯಾಯಿತು. ಅವರ ರೈಫಲ್ ಅವರ ತಂದೆಯ ಕಾಲದ್ದು, ಹಿಡಿಯ ಮರ ಕೈ ಬೆವರು ಕುಡಿದು ಕಪ್ಪಾಗಿತ್ತು. ಅದನ್ನು ಬಿಚ್ಚಿ, ಸೋಂಪಿನ ವಾಸನೆಯ ಎಣ್ಣೆ ಸವರಿ, ಮತ್ತೆ ಜೋಡಿಸುವುದನ್ನು ಕಲಿಸಿದರು. ಕೋವಿಯನ್ನು ಯಾರ ಕೈಯಿಂದ ತೆಗೆದುಕೊಂಡರೂ ಮೊದಲು ಹಿಂಭಾಗದ ಚಿಲಕದಂಥ ಬೋಲ್ಟ್ ಎಳೆದು ಒಳಗೆ ತೋಟೆ ಇದೆಯೇ ನೋಡಬೇಕು. ಕೊಟ್ಟವರು ಈಗಷ್ಟೇ ನೋಡಿದ್ದರೂ ಸರಿ, ನಾವು ನೋಡಲೇಬೇಕು. ಗುಂಡು ಪ್ರಾಣಿಯ ಮೈಯಲ್ಲೇ ನಿಲ್ಲುತ್ತದೆಂದು ನಂಬಬೇಡ, ಅದರ ಹಿಂದೆ ಏನಿದೆಯೆಂದು ಗೊತ್ತಾಗುವವರೆಗೆ ಟ್ರಿಗರಿನ ಮೇಲೆ ಬೆರಳಿಡಬೇಡ. ಈ ಮಾತುಗಳನ್ನು ಅವರು ಎಷ್ಟು ಸಲ ಹೇಳಿದರೆಂದರೆ ಇಶಾ ಕೂಡ ಒಮ್ಮೆ ಆಟದ ನೀರಿನ ಪಿಸ್ತೂಲು ಹಿಡಿದುಕೊಂಡು ಅದನ್ನೇ ಒಪ್ಪಿಸಿದಳು.

ವಸಂತದಲ್ಲಿ ಪರೀಕ್ಷೆ ಪಾಸಾದೆ. ಯೆವ್ಲೆ ಪಟ್ಟಣದ ಅಂಗಡಿಯಲ್ಲಿ ಒಂದು ಹಳೆಯ ರೈಫಲ್ ಆರಿಸಿಕೊಂಡೆ. ಬೇಸಿಗೆಯ ಹೊತ್ತಿಗೆ ಪೊಲೀಸರ ಅನುಮತಿ ಬಂತು. ಬ್ರಿಟಾ ಸಂತೋಷಪಟ್ಟು ತಮ್ಮ ಹಳೆಯ ಬೇಟೆಯ ಟೋಪಿಯೊಂದನ್ನು ನನಗೆ ಕೊಟ್ಟರು. ಅಷ್ಟು ಖುಷಿಯ ವಾರಗಳು ಆ ವರ್ಷ ಮತ್ತೆ ಬರಲಿಲ್ಲ.

ಜುಲೈಯ ಒಂದು ಸಂಜೆ ತಂಡದವರೆಲ್ಲ ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿದ್ದೆವು. ತಂಡದ ಮುಖ್ಯಸ್ಥರು ಲೆನಾರ್ಟ್, ದಪ್ಪ ಮೈಯ, ಮೆಲುದನಿಯ ಮನುಷ್ಯ, ಬ್ರಿಟಾ ಅವರನ್ನು ಹುಡುಗನಾಗಿದ್ದಾಗಿನಿಂದ ಬಲ್ಲವರು. ಎಲ್ಲರೂ ಹೊಡೆದು ಮುಗಿಸಿ ಕೋವಿಗಳನ್ನು ಮರದ ಚೌಕಟ್ಟಿಗೆ ಒರಗಿಸಿಟ್ಟೆವು. ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿತ್ತು, ಸೊಳ್ಳೆಗಳು ಕಾಡುತ್ತಿದ್ದವು. ಲೆನಾರ್ಟ್ ಅಭ್ಯಾಸದಂತೆ ಒಂದೊಂದೇ ಕೋವಿಯ ಬೋಲ್ಟ್ ಎಳೆದು ನೋಡುತ್ತ ಬಂದರು. ಬ್ರಿಟಾ ಅವರ ರೈಫಲ್ ಬಳಿ ಅವರ ಕೈ ನಿಂತಿತು. ಒಳಗಿನಿಂದ ಜೀವಂತ ತೋಟೆಯೊಂದು ಹೊರಬಂದಿತು. ಲೆನಾರ್ಟ್ ಬ್ರಿಟಾ ಅವರ ಬಳಿ ನಡೆದುಹೋಗಿ ಅದನ್ನು ಅವರ ಅಂಗೈಯಲ್ಲಿಟ್ಟರು. ಬ್ರಿಟಾ ಅದನ್ನು ಯಾರೋ ಕೊಟ್ಟ ಅಪರಿಚಿತ ವಸ್ತುವಿನಂತೆ ನೋಡುತ್ತ ನಿಂತರು. ಆಮೇಲೆ ಜೇಬಿಗೆ ಹಾಕಿಕೊಂಡು, ಕಾರಿನಲ್ಲಿ ಹೋಗಿ ಕೂತರು.

ಒಂದು ಸಲದ ಮರೆವು ಯಾರಿಗಾದರೂ ಬರುತ್ತದೆ ಎಂದು ನಾನು ದಾರಿಯುದ್ದಕ್ಕೂ ಹೇಳಿದೆ. ಅವರು ಕೇಳಿಸಿಕೊಂಡರು. ಮನೆಯ ಮುಂದೆ ಕಾರು ನಿಲ್ಲಿಸಿದಾಗ, ಒಂದು ಸಲವಲ್ಲ ಎಂದರು. ಚಳಿಗಾಲದಲ್ಲೇ ಒಲೆಯ ಮೇಲೆ ಪಾತ್ರೆ ಸುಟ್ಟುಹೋಗಿತ್ತಂತೆ. ಎಷ್ಟೋ ವರ್ಷ ಓಡಾಡಿದ ಕಾಡಿನ ದಾರಿಯಲ್ಲಿ ಒಮ್ಮೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಗೊತ್ತಾಗದೆ ಕಾರು ನಿಲ್ಲಿಸಿಕೊಂಡು ಕೂತಿದ್ದರಂತೆ. ಅವರು ಇದನ್ನು ಅಳುದನಿಯಲ್ಲಿ ಹೇಳಲಿಲ್ಲ, ಪಾಠ ಮಾಡುವಂತೆ ಹೇಳಿದರು.

ಮುಂದಿನ ವಾರ ಅವರೇ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರು ಗಡಿಯಾರದ ಚಿತ್ರ ಬರೆಯಿಸಿದರು, ಕೆಲವು ಪದಗಳನ್ನು ನೆನಪಿಟ್ಟುಕೊಳ್ಳಲು ಹೇಳಿದರು, ದೊಡ್ಡ ಆಸ್ಪತ್ರೆಗೆ ಕಳಿಸಿ ತಲೆಯ ಸ್ಕ್ಯಾನ್ ಮಾಡಿಸಿದರು. ಆಗಸ್ಟ್ ಕೊನೆಗೆ ಆ ಮರೆವಿನ ಕಾಯಿಲೆಗೆ ಹೆಸರು ಸಿಕ್ಕಿತು. ಆ ದಿನ ನಾನೇ ಅವರನ್ನು ಮನೆಗೆ ಕರೆತಂದದ್ದು. ಕಾರಿನಲ್ಲಿ ಅವರು ಮುಂದೆ ನೋಡುತ್ತ ಹೇಳಿದರು:

“ಡಾಕ್ಟರ್ ಕೇಳೋ ಮೊದಲೇ ನಾನೇ ಹೇಳಿದೆ. ನನ್ನ ಮನೆಯಲ್ಲಿ ಕೋವಿ ಇದೆ, ಪೊಲೀಸರಿಗೆ ತಿಳಿಸಿ ಅಂತ.”

ಹೇಳದೆಯೂ ಇರಬಹುದಿತ್ತಲ್ಲ, ಈ ಒಂದು ಬೇಟೆಯಾದರೂ ಮುಗಿಯುತ್ತಿತ್ತು ಎಂದು ನನ್ನ ಬಾಯಿಂದ ಬಂತು.

“ಹೇಳದೆ ಇದ್ದಿದ್ದರೆ ಆ ತೋಟೆ ಇನ್ನೂ ಒಳಗೇ ಇದ್ದ ಹಾಗೆ,” ಎಂದರು.

ಪೊಲೀಸರು ಬರುವ ದಿನ ನನ್ನನ್ನು ಜೊತೆಗಿರಲು ಕರೆದಿದ್ದರು. ಸೆಪ್ಟೆಂಬರಿನ ಬೆಳಗ್ಗೆ, ಬರ್ಚ್ ಮರಗಳು ಹಳದಿಗೆ ತಿರುಗುತ್ತಿದ್ದವು. ಬಂದವರು ಇಬ್ಬರು, ಒಬ್ಬ ಯುವಕ, ಒಬ್ಬ ನಡುವಯಸ್ಸಿನ ಹೆಂಗಸು. ಬಾಗಿಲಲ್ಲೇ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಬಂದರು. ಯುವಕ ಬ್ರಿಟಾ ಅವರ ಮುಖ ನೋಡಿ ಕೆಂಪಾದ. ಅವರ ಬಳಿ ಓದಿದವನು. ಬ್ರಿಟಾ ಅವನ ಹೆಸರನ್ನು, ಅವನ ಅಣ್ಣನ ಹೆಸರನ್ನೂ, ಕಪ್ಪೆಯ ಪಾಠದ ದಿನ ಅವನು ತಲೆಸುತ್ತಿ ಬಿದ್ದದ್ದನ್ನೂ ತಪ್ಪಿಲ್ಲದೆ ನೆನೆದು ಕಾಫಿ ಕೊಟ್ಟರು. ಅವನು ನಿಂತೇ ಕುಡಿದ. ಇವರಿಗೆ ಏನಾಗಿದೆಯೆಂದು ನಾವು ಇಲ್ಲಿಗೆ ಬಂದಿದ್ದೇವೆ ಎಂಬ ಪ್ರಶ್ನೆ ಅವನ ಮುಖದ ಮೇಲೆ ಬರೆದಂತಿತ್ತು. ಹಳೆಯದೆಲ್ಲ ಅವರಲ್ಲಿ ಗಟ್ಟಿಯಾಗಿತ್ತು. ಬೆಳಗ್ಗೆ ಗುಳಿಗೆ ನುಂಗಿದೆನೋ ಇಲ್ಲವೋ ಎಂಬುದು ಮಾತ್ರ ನಿಲ್ಲುತ್ತಿರಲಿಲ್ಲ.

ಬ್ರಿಟಾ ತಾವೇ ಬೀರು ತೆರೆದರು. ತಂದೆಯ ರೈಫಲ್ ತೆಗೆದು ಅವನ ಕೈಗೆ ಕೊಡುವ ಮೊದಲು ಒಂದು ಕ್ಷಣ ಹಿಡಿದುಕೊಂಡರು.

“ಕೈಗೆ ಬಂದಮೇಲೆ ಮೊದಲು ಏನು ನೋಡ್ತೀಯ?” ಎಂದು ಕೇಳಿದರು.

ಅವನು ಪಾಠ ಒಪ್ಪಿಸುವ ಹುಡುಗನಂತೆ ಬೋಲ್ಟ್ ಎಳೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಖಾಲಿ ಎಂದ.

“ಸರಿ. ಈಗ ತಗೊಂಡು ಹೋಗು.”

ಅವರು ಹೊರಟುಹೋದ ಮೇಲೆ ಬ್ರಿಟಾ ಖಾಲಿ ಬೀರುವಿನ ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ನೀವು ಮಾಡಿದ್ದು ತುಂಬ ಸರಿ ಎಂದು ನಾನು ಹೇಳಿದೆ. ಸಂಜೆ ಫೋನ್ ಮಾಡಿದ ಲೆನಾರ್ಟ್ ಕೂಡ ಅದನ್ನೇ ಹೇಳಿದರು. ಎಲ್ಲರೂ ಅವರಿಗೆ ಅದನ್ನೇ ಹೇಳಿದರು. ಮಧು ಕೂಡ, ಇಂಥವರು ಎಷ್ಟು ಜನ ಇರ್ತಾರೆ ಹೇಳು ಎಂದು ಬೆರಗುಪಟ್ಟ. ತಾನು ಅಷ್ಟು ಮೆಚ್ಚಿಕೊಂಡಿದ್ದ ಕಾನೂನು ಹೀಗೆ ನಮಗೆ ಬೇಕಾದವರ ಮನೆಯ ಬಾಗಿಲಿಗೇ ಬರುತ್ತದೆಂದು ಅವನೂ ಅಂದುಕೊಂಡಿರಲಿಲ್ಲ. ಸಿಟ್ಟು ಮಾಡಿಕೊಳ್ಳಬೇಕೆಂದರೆ ಯಾರ ಮೇಲೆ? ಡಾಕ್ಟರು ಒಳ್ಳೆಯವರು, ಪೊಲೀಸರು ಕಾಲುಚೀಲದಲ್ಲಿ ನಡೆದುಬಂದವರು. ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೂ ಆ ಮನೆಯಿಂದ ಏನೋ ಕಿತ್ತುಕೊಂಡು ಹೋದಂತಾಗಿತ್ತು.

ಅಕ್ಟೋಬರಿನಲ್ಲಿ ಬೇಟೆ ಶುರುವಾಯಿತು. ಕೋವಿಯಿಲ್ಲದೆ ಅತಿಥಿಯಾಗಿ ಬರಬಹುದಲ್ಲ ಎಂದು ಲೆನಾರ್ಟ್ ಬ್ರಿಟಾ ಅವರನ್ನು ಕರೆದಿದ್ದರು. ನಾನು ಕಾರಿನಲ್ಲಿ ಕರೆದುಕೊಂಡು ಹೋದೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ನಡೆದಲ್ಲೆಲ್ಲ ಕರಕರ ಸದ್ದಾಗುತ್ತಿತ್ತು. ಬೆಂಕಿಯ ಸುತ್ತ ಕಿತ್ತಳೆ ಬಣ್ಣದ ಅಂಗಿಗಳ ಗುಂಪು. ಯಾರು ಯಾವ ಜಾಗದಲ್ಲಿ ಕಾಯಬೇಕೆಂದು ಚೀಟಿ ಎತ್ತುವುದು ಪದ್ಧತಿ. ಲೆನಾರ್ಟ್ ನನಗೆ ಚೀಟಿ ಎತ್ತಲು ಬಿಡದೆ, ಬ್ರಿಟಾ ಯಾವಾಗಲೂ ಕೂರುತ್ತಿದ್ದ ಜಾಗವನ್ನೇ ಕೊಟ್ಟರು. ಯಾರೂ ತಕರಾರು ಮಾಡಲಿಲ್ಲ.

ಅದು ಜೌಗುನೆಲದ ಅಂಚು. ಎದುರಿಗೆ ಮರ ಕಡಿದ ಬಯಲು, ಅದರಾಚೆ ಎಳೆಯ ಬರ್ಚ್ ಮರಗಳು, ಆಮೇಲೆ ದಟ್ಟ ಕಾಡು. ಮರದ ಹಲಗೆಯ ಮೇಲೆ ನಾವಿಬ್ಬರೂ ಒತ್ತಿಕೊಂಡು ಕೂತೆವು. ಬ್ರಿಟಾ ಕೈಗವಸು ಹಾಕಿದ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕೈಗಳು ಮಾತ್ರ ಆಗಾಗ ಏನನ್ನೋ ಹುಡುಕುವಂತೆ ಅಲ್ಲಾಡುತ್ತಿದ್ದವು. ದೂರದಲ್ಲಿ ಬೇಟೆನಾಯಿ ಬೊಗಳಿತು. ಸದ್ದು ಹತ್ತಿರವಾಯಿತು, ಮತ್ತೆ ದೂರವಾಯಿತು. ನನ್ನ ಕಾಲಬೆರಳುಗಳು ಮರಗಟ್ಟಿದ್ದವು.

ಆಗ ಬಯಲಿನ ಎಡಗಡೆಯಿಂದ ಮೂಸ್ ಬಂದಿತು. ಎಳೆಯ ಗಂಡು, ಚಿಕ್ಕ ಕೊಂಬು. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ನಡೆಯಬಲ್ಲದೆಂದು ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಬಯಲಿನ ನಡುವೆ ಬಂದು, ನನಗೆ ಮೈ ಅಡ್ಡಲಾಗಿ ಕೊಟ್ಟು ನಿಂತಿತು. ರೈಫಲ್ ಎತ್ತಿದೆ. ಮುಂಗಾಲಿನ ಹಿಂದಿನ ಜಾಗ ಕೋವಿಯ ದುರ್ಬೀನಿನಲ್ಲಿ ತುಂಬಿಕೊಂಡಿತು. ಹಿಂದೆ ಬರ್ಚ್ ಮರಗಳು, ಏರಿನ ನೆಲ; ಎಲ್ಲ ಸರಿಯಾಗಿದೆ ಎನಿಸಿತು. ಸೇಫ್ಟಿ ತೆಗೆದೆ. ಉಸಿರು ಅರ್ಧ ಬಿಟ್ಟು ಹಿಡಿದೆ.

ಬ್ರಿಟಾ ಅವರ ಕೈ ನನ್ನ ಮುಂಗೈ ಮೇಲೆ ಬಂದಿತು. ಕೋವಿಯನ್ನು ಅವರು ಮುಟ್ಟಲಿಲ್ಲ.

“ಬೇಡ. ಹಿಂದೆ ಯಾರೋ ಇದ್ದಾರೆ.”

ನನಗೆ ಯಾರೂ ಕಾಣಲಿಲ್ಲ. ಕಾಯಿಲೆ ಈಗ ಇಲ್ಲದ್ದನ್ನೂ ತೋರಿಸತೊಡಗಿತೇನೋ ಎಂದು ಒಂದು ಗಳಿಗೆ ಅನಿಸಿತು. ಆದರೂ ಸೇಫ್ಟಿ ಹಾಕಿ ಕೋವಿ ಇಳಿಸಿದೆ. ಮೂಸ್ ಕಿವಿ ನಿಮಿರಿಸಿ ನಿಂತೇ ಇತ್ತು. ಆಮೇಲೆ ಬರ್ಚ್ ಮರಗಳ ನಡುವೆ ಒಣ ಎಲೆಯ ಬಣ್ಣದ ಒಂದು ಜಾಗ ಅಲ್ಲಾಡಿತು. ಕಂದು ಜಾಕೆಟ್ಟಿನ ಮನುಷ್ಯನೊಬ್ಬ ಬಗ್ಗಿದ್ದವನು ಬೆನ್ನು ನೇರ ಮಾಡಿಕೊಂಡು ನಿಂತ. ಕೈಯಲ್ಲಿ ಅಣಬೆಯ ಬುಟ್ಟಿ, ಕಿವಿಯಲ್ಲಿ ಇಯರ್‌ಫೋನ್. ಅವನನ್ನು ಕಂಡು ಮೂಸ್ ಒಂದೇ ನೆಗೆತಕ್ಕೆ ಕಾಡು ಸೇರಿತು. ಅವನು ಮೂಸ್ ಅನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಮತ್ತೆ ಬಗ್ಗಿ ಅಣಬೆ ಕೀಳತೊಡಗಿದ.

ವೈರ್‌ಲೆಸ್‌ನಲ್ಲಿ ಲೆನಾರ್ಟ್‌ಗೆ ಹೇಗೋ ಹೇಳಿದೆ. ಅವರು ಬೇಟೆ ನಿಲ್ಲಿಸಿ, ನಾಯಿ ಹಿಡಿಸಿ, ಅವಸರದಲ್ಲಿ ಬಂದರು. ಆ ಮನುಷ್ಯ ದಾರಿಯಲ್ಲಿದ್ದ ಎಚ್ಚರಿಕೆಯ ಫಲಕವನ್ನು ನೋಡಿರಲಿಲ್ಲವಂತೆ. ಕ್ಷಮೆ ಕೇಳಿ, ನಮ್ಮತ್ತ ಬುಟ್ಟಿ ಚಾಚಿ ಸ್ವಲ್ಪ ಅಣಬೆ ಬೇಕೇ ಎಂದು ಕೇಳಿ, ಕಾರು ನಿಲ್ಲಿಸಿದ್ದ ಕಡೆ ನಡೆದುಹೋದ. ಎಷ್ಟರಲ್ಲಿ ಉಳಿದೆನೆಂದು ಅವನಿಗೆ ಇವತ್ತಿಗೂ ಗೊತ್ತಿರಲಾರದು. ನನಗೆ ಫ್ಲಾಸ್ಕಿನ ಮುಚ್ಚಳ ತೆಗೆಯಲಾಗಲಿಲ್ಲ, ಬ್ರಿಟಾ ಅವರೇ ತಿರುಗಿಸಿ ತೆಗೆದುಕೊಟ್ಟರು.

ಲೆನಾರ್ಟ್ ಎಲ್ಲ ಕೇಳಿ ಬರ್ಚ್ ಮರಗಳ ಕಡೆ ನೋಡಿದರು. ಆಮೇಲೆ, ಇದನ್ನು ತಾನು ಪೊಲೀಸರಿಗೆ ಬರೆದು ತಿಳಿಸುತ್ತೇನೆ, ಬ್ರಿಟಾಳ ಕೋವಿಯ ನಿರ್ಧಾರವನ್ನು ಮತ್ತೆ ಪರಿಶೀಲಿಸಲಿ, ನಮ್ಮ ತಂಡದಲ್ಲಿ ಬೇರೆ ಯಾರೂ ಆ ಮನುಷ್ಯನನ್ನು ಗುರುತಿಸುತ್ತಿರಲಿಲ್ಲ ಎಂದರು. ಅವರ ದನಿಯಲ್ಲಿ ಆಸೆಯಿತ್ತು. ನನ್ನೊಳಗೂ ಆಸೆ ಎದ್ದಿತು. ಬ್ರಿಟಾ ತಲೆ ಅಲ್ಲಾಡಿಸಿದರು.

“ನನ್ನ ಕಣ್ಣಿಗೇನೂ ಆಗಿಲ್ಲ, ಲೆನಾರ್ಟ್. ಇವತ್ತು ಇಲ್ಲಿ ಕೂತಿದ್ದವಳು ನಾನೇ. ನಾಳೆ ಇದೇ ಜಾಗದಲ್ಲಿ ಕೂರೋಳು ಯಾರಾಗಿರ್ತಾಳೋ ನಂಗೆ ಗೊತ್ತಿಲ್ಲ.”

ಲೆನಾರ್ಟ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಮಧ್ಯಾಹ್ನ ಬೆಂಕಿಯ ಬಳಿ ಎಲ್ಲರೂ ಬ್ರಿಟಾ ಅವರನ್ನು ಹೊಗಳಿದರು. ಯಾರೋ ಸಾಸೇಜ್ ಸುಟ್ಟು ಮೊದಲನೆಯದನ್ನು ಅವರಿಗೇ ಕೊಟ್ಟರು. ಅವರು ನಗುತ್ತ ತಿಂದರು. ವಾಪಸು ಬರುವಾಗ ನಾನು ರಸ್ತೆಯನ್ನೇ ನೋಡುತ್ತ ಕಾರು ಓಡಿಸುತ್ತಿದ್ದೆ. ಊರಿನ ದೀಪಗಳು ಕಾಣುವ ಹೊತ್ತಿಗೆ ಅವರು ನನ್ನ ಕಡೆ ತಿರುಗಿ, ಯಾಕಿಷ್ಟು ಸಪ್ಪಗಿದ್ದೀಯ, ಬೇಟೆಯಲ್ಲಿ ಏನಾದರೂ ಆಯಿತಾ ಎಂದು ಕೇಳಿದರು. ತಮಾಷೆಗೆ ಕೇಳಿದರೆಂದುಕೊಂಡೆ. ಮುಖ ನೋಡಿದೆ, ತಮಾಷೆಯಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಲ್ಲ ಹೇಳಿದೆ. ಅವರು ವಿನಯದಿಂದ ಕೇಳಿಸಿಕೊಂಡು, ಸದ್ಯ ಯಾರಿಗೂ ಏನೂ ಆಗಲಿಲ್ಲವಲ್ಲ ಎಂದರು.

ಮನೆಯಲ್ಲಿ ಮಧು ಅನ್ನ, ಸಾರು ಮಾಡಿಟ್ಟಿದ್ದ. ಕೋವಿ ಬೀರುವಿನಲ್ಲಿಟ್ಟು ಬಂದು ಅವನಿಗೆ ನಡೆದದ್ದನ್ನು ಹೇಳಿದೆ. ಅವನು ಸೌಟು ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತ. “ಅವ್ರು ಪಕ್ಕದಲ್ಲಿ ಇಲ್ದೆ ಇದ್ದಿದ್ರೆ?” ಎಂದ. ಇಬ್ಬರಿಗೂ ಊಟ ಸೇರಲಿಲ್ಲ.

ಆ ಋತುವಿನ ಉಳಿದ ಬೇಟೆಗಳಿಗೆ ಬ್ರಿಟಾ ಬರಲಿಲ್ಲ. ಯಾರೂ ಬೇಡವೆನ್ನಲಿಲ್ಲ. ಒಂದು ಸಲ ನನಗೆ ಕಾರ್ಖಾನೆಯಲ್ಲಿ ಪಾಳಿಯಿತ್ತು, ಇನ್ನೊಂದು ಸಲ ಲೆನಾರ್ಟ್ ಕಾರಿನಲ್ಲಿ ಜಾಗವಿರಲಿಲ್ಲ, ಮತ್ತೊಂದು ಸಲ ಅವರೇ ಚಳಿ ಎಂದರು. ಹಾಗೆ ಹಾಗೆಯೇ ನಿಂತುಹೋಯಿತು. ಲೈಬ್ರರಿಯ ಕೂಟಕ್ಕೂ ಬೇರೊಬ್ಬರು ಬಂದರು. ಬ್ರಿಟಾ ಅವರ ರೈಫಲ್ ಪೊಲೀಸರ ಬಳಿಯಿಂದ ವ್ಯಾಪಾರಿಯೊಬ್ಬರಿಗೆ ಹೋಗಿ, ಅಲ್ಲಿಂದ ಉತ್ತರದ ಕಡೆಯ ಯಾರಿಗೋ ಮಾರಾಟವಾಯಿತೆಂದು ಕೇಳಿದೆ. ನಾನೇ ತೆಗೆದುಕೊಳ್ಳುತ್ತೇನೆಂದು ಮೊದಲು ಕೇಳಿದ್ದೆ, ಬ್ರಿಟಾ ಬೇಡವೆಂದಿದ್ದರು. ಊರಿನಲ್ಲೇ ಇದ್ದರೆ ತನ್ನ ಕೈ ಅದನ್ನು ಹುಡುಕುತ್ತಲೇ ಇರುತ್ತದೆ ಎಂದಿದ್ದರು.

ಆಮೇಲೆ ನಾನು ಎರಡು ವರ್ಷ ಬೇಟೆಗೆ ಹೋದೆ. ಒಂದು ಮೂಸ್ ಕೂಡ ಹೊಡೆದೆ. ಎಲ್ಲರೂ ಬೆನ್ನು ತಟ್ಟಿದರು. ಆದರೆ ಯಾರಿಗೆ ಫೋನ್ ಮಾಡಿ ಹೇಳಬೇಕೆನಿಸಿತೋ ಅವರಿಗೆ ಅಷ್ಟರಲ್ಲಿ ಫೋನು ಎತ್ತುವುದು ಕಷ್ಟವಾಗಿತ್ತು. ಮಧುವಿಗೆ ಲಿಂಕೋಪಿಂಗ್‌ನಲ್ಲಿ ವಿಮಾನದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ನನ್ನ ಕೋವಿಯನ್ನೂ ಮಾರಿ ಬಂದೆ.

ಊರು ಬಿಡುವ ಮೊದಲು ಯೆವ್ಲೆಯಲ್ಲಿ ಬ್ರಿಟಾ ಇದ್ದ ಆರೈಕೆ ಕೇಂದ್ರಕ್ಕೆ ಹೋಗಿದ್ದೆ. ಅವರ ತಂಗಿಯ ಮಗಳು ಅಲ್ಲಿ ಹತ್ತಿರದಲ್ಲಿದ್ದುದರಿಂದ ಅವರನ್ನು ಅಲ್ಲಿಗೆ ಸೇರಿಸಿದ್ದರು. ಅದೇ ನನ್ನ ಕೊನೆಯ ಭೇಟಿ. ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಲೆನಾರ್ಟ್ ತಿಳಿಸಿದರು. ನಾನು ಹೋದ ದಿನ ಬ್ರಿಟಾ ಕಿಟಕಿಯ ಪಕ್ಕ ಶುಭ್ರವಾದ ಬಟ್ಟೆ ಹಾಕಿಕೊಂಡು ಕೂತಿದ್ದರು. ನನ್ನ ಹೆಸರು ನೆನಪಾಗಲಿಲ್ಲ, ಆದರೆ ಬೇಕಾದವರು ಬಂದಿದ್ದಾರೆಂದು ಗೊತ್ತಾಗಿ ಕೈ ಚಾಚಿದರು. ಮಾತಾಡಲು ಏನೂ ತೋಚದೆ ನಾನು ಆ ಅಕ್ಟೋಬರಿನ ಬೆಳಗನ್ನು ಕಥೆಯಂತೆ ಹೇಳತೊಡಗಿದೆ. ಒಬ್ಬ ಹೆಂಗಸು, ಅವಳ ಶಿಷ್ಯೆ, ಜೌಗಿನ ಅಂಚು, ಬರ್ಚ್ ಮರಗಳ ನಡುವೆ ಅಣಬೆ ಕೀಳುತ್ತಿದ್ದ ಮನುಷ್ಯ. ಅವರು ಮಕ್ಕಳಂತೆ ಗಮನವಿಟ್ಟು ಕೇಳಿದರು. ಮುಗಿದಮೇಲೆ ಕೇಳಿದರು:

“ಆ ಹೆಂಗಸು ಈಗಲೂ ಬೇಟೆಗೆ ಹೋಗ್ತಾಳಾ?”

ಇಲ್ಲ, ಕೋವಿಯನ್ನು ಒಪ್ಪಿಸಿಬಿಟ್ಟಳು ಎಂದೆ. ಯಾರಾದರೂ ಬಲವಂತ ಮಾಡಿದರಾ ಎಂದು ಕೇಳಿದರು. ಇಲ್ಲ, ತಾನಾಗಿಯೇ ಹೋಗಿ ಹೇಳಿದಳು ಎಂದೆ.

“ಹಾಗಾದ್ರೆ ಅವಳಿಗೆ ತುಂಬ ಸಂಕಟ ಆಗಿರ್ಬೇಕು,” ಎಂದರು ಬ್ರಿಟಾ.

ಆ ಮಾತನ್ನು ಆ ವರ್ಷವೆಲ್ಲ ಅವರಿಗೆ ನಾವು ಯಾರೂ ಹೇಳಿರಲಿಲ್ಲ. ಹೌದು, ತುಂಬ ಸಂಕಟ ಆಗಿತ್ತು ಎಂದೆ. ಅವರು ಪಾಪ ಎನ್ನುವಂತೆ ತಲೆದೂಗಿ, ನನ್ನ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು ಮೆಲ್ಲಗೆ ತಟ್ಟುತ್ತ ಕೂತರು.